ಇಲ್ಲವೆನ್ನಬಲ್ಲ ಚಾರ್ಜರೇ ಮಲೆನಾಡಿಗೆ ಕ್ಷೇಮ

ಮುಂಗಾರಿಗೆ ಮುನ್ನ ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಸುವ ಕೃಷಿಕರಿಗೆಲ್ಲ ಒಂದು ಪರೀಕ್ಷೆ ಗೊತ್ತಿದೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕದಲ್ಲಿ ದ್ರಾವಣ ಸಿದ್ಧವಾದ ಮೇಲೆ, ಉಜ್ಜಿ ಹೊಳಪೇರಿಸಿದ ಕತ್ತಿಯ ಅಲಗನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡಲಾಗುತ್ತದೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ಹಾಗೆಯೇ ಸಿಂಪಡಿಸಿದರೆ ಕೊಳೆರೋಗ ತಡೆಯಬೇಕಾದ ಔಷಧವೇ ಎಳೆಗಾಯಿಗಳನ್ನು ಸುಡುತ್ತದೆ. ಆಗ ಯಾರೂ ಕತ್ತಿಯ ಮೇಲೆ ಸಿಟ್ಟಾಗುವುದಿಲ್ಲ. ಅಲಗನ್ನು ಒರೆಸಿ ಬಣ್ಣ ಮುಚ್ಚಿಡುವುದೂ ಇಲ್ಲ. ಇನ್ನಷ್ಟು ಸುಣ್ಣ ಬೆರೆಸಿ ಮತ್ತೊಮ್ಮೆ ಅದ್ದಿ ನೋಡುತ್ತಾರೆ.

ಇದೇ ವಿವೇಕ ಈಗ ಮನೆಯಂಗಳದಲ್ಲಿಯೂ ಬೇಕಾಗಿದೆ. ಮಲೆನಾಡಿನ ಊರುಗಳಿಗೂ ವಿದ್ಯುತ್ ಕಾರುಗಳು ಬರತೊಡಗಿವೆ. ಪೇಟೆಯಲ್ಲಿರುವಷ್ಟು ಚಾರ್ಜಿಂಗ್ ಕೇಂದ್ರಗಳು ಘಟ್ಟದ ಒಳದಾರಿಗಳಲ್ಲಿ ಇಲ್ಲವಾದ್ದರಿಂದ, ಕಾರು ಕೊಂಡವರು ನೆಚ್ಚಿಕೊಳ್ಳುವುದು ಡಿಕ್ಕಿಯಲ್ಲಿಟ್ಟು ಒಯ್ಯಬಹುದಾದ ಪೋರ್ಟಬಲ್ ಚಾರ್ಜರನ್ನು. ಒಂದು ತುದಿಯಲ್ಲಿ ಮೂರು ಪಿನ್ನಿನ ಪ್ಲಗ್, ಇನ್ನೊಂದು ತುದಿಯಲ್ಲಿ ಕಾರಿಗೆ ಸಿಕ್ಕಿಸುವ ಕನೆಕ್ಟರ್, ನಡುವೆ ಒಂದು ಚಿಕ್ಕ ಪೆಟ್ಟಿಗೆ. ಹಳೆಯ ಮನೆಯ ಸಾಕೆಟ್ಟಿಗೆ ಇದನ್ನು ಸಿಕ್ಕಿಸಿದಾಗ ಕೆಲವೊಮ್ಮೆ ಪೆಟ್ಟಿಗೆಯ ಮೇಲೆ ಕೆಂಪು ದೀಪ ಹತ್ತುತ್ತದೆ. ಕಾರು ಚಾರ್ಜ್ ಆಗುವುದಿಲ್ಲ. ಆಗ ಹೊರಡುವ ಮೊದಲ ಮಾತು ‘ಚಾರ್ಜರ್ ಸರಿಯಿಲ್ಲ’. ಎರಡನೆಯ ಮಾತು ‘ಅದಕ್ಕೊಂದು ಉಪಾಯ ಇದೆ’. ಅಪಾಯ ಹುಟ್ಟುವುದು ಈ ಎರಡನೆಯ ಮಾತಿನಲ್ಲಿ.

ಆ ಕೆಂಪು ದೀಪ ಬೋರ್ಡೋ ದ್ರಾವಣದಲ್ಲಿ ಅದ್ದಿದ ಕತ್ತಿ ಇದ್ದ ಹಾಗೆ. ಮನೆಯ ವೈರಿಂಗಿನಲ್ಲಿ ಎಲ್ಲೋ ಒಂದು ದೋಷವಿದೆ ಎಂದು ಅದು ಹೇಳುತ್ತಿದೆ. ದೋಷ ಕಂಡಾಗ ‘ಇಲ್ಲ’ ಎನ್ನಬಲ್ಲ ಚಾರ್ಜರನ್ನು ಆರಿಸಿಕೊಳ್ಳುವುದು, ಅದು ‘ಇಲ್ಲ’ ಎಂದಾಗ ಅದರ ಮಾತನ್ನು ಕೇಳುವುದು, ಇವೆರಡೇ ಈ ವಿಷಯದ ಸಾರ. ಉಳಿದುದೆಲ್ಲ ಇದರ ವಿವರಣೆ.

ಚಾರ್ಜರ್ ಎಂಬ ಹೆಸರಿನ ಕಾವಲುಗಾರ

ಮನೆಯ ಪ್ಲಗ್ಗಿನಿಂದ ಕಾರು ಚಾರ್ಜ್ ಮಾಡುವುದು ಕರ್ನಾಟಕಕ್ಕೆ ಹೊಸದಲ್ಲ. 2001ರಲ್ಲಿ ಬೆಂಗಳೂರಿನಲ್ಲಿ ಮಾರುಕಟ್ಟೆಗೆ ಬಂದ ರೇವಾ ಎಂಬ ಪುಟ್ಟ ಕಾರು ಮನೆಯ ಪವರ್ ಪ್ಲಗ್ಗಿನಿಂದಲೇ ಸೀಸದ ಬ್ಯಾಟರಿಗಳನ್ನು ತುಂಬಿಸಿಕೊಳ್ಳುತ್ತಿತ್ತು. 2017ರಲ್ಲಿ ಕರ್ನಾಟಕವು ದೇಶದಲ್ಲಿಯೇ ಮೊದಲಿಗೆ ವಿದ್ಯುತ್ ವಾಹನ ನೀತಿಯನ್ನು ಪ್ರಕಟಿಸಿತು. ವಾಹನದ ಮಾಲೀಕರು ಈಗಿರುವ ಮನೆಯ ವಿದ್ಯುತ್ ಸಂಪರ್ಕದಿಂದಲೇ ಚಾರ್ಜ್ ಮಾಡಿಕೊಳ್ಳಬಹುದೆಂದು ಕೇಂದ್ರ ಇಂಧನ ಸಚಿವಾಲಯದ 2022ರ ಜನವರಿಯ ಮಾರ್ಗಸೂಚಿ ಹೇಳಿತು. ಅಂದರೆ ಅನುಮತಿಯ ಪ್ರಶ್ನೆ ಇತ್ಯರ್ಥವಾಗಿದೆ. ಉಳಿದಿರುವುದು ಮನೆಯ ವೈರಿಂಗು ಈ ಹೊರೆಯನ್ನು ತಾಳೀತೇ ಎಂಬ ಪ್ರಶ್ನೆ.

ಮೊದಲಿಗೆ ಒಂದು ತಪ್ಪುಗ್ರಹಿಕೆಯನ್ನು ಬಿಡಿಸಬೇಕು. ಪೋರ್ಟಬಲ್ ಚಾರ್ಜರ್ ಎಂದು ಕರೆಯಲಾಗುವ ಪೆಟ್ಟಿಗೆ ವಾಸ್ತವವಾಗಿ ಚಾರ್ಜರ್ ಅಲ್ಲ. ಪರ್ಯಾಯ ವಿದ್ಯುತ್ತನ್ನು ಬ್ಯಾಟರಿಗೆ ಒಪ್ಪುವ ನೇರ ವಿದ್ಯುತ್ತಾಗಿ ಪರಿವರ್ತಿಸುವ ನಿಜವಾದ ಚಾರ್ಜರ್ ಕಾರಿನೊಳಗೇ ಇರುತ್ತದೆ. ಹೊರಗಿನ ಪೆಟ್ಟಿಗೆಯ ಕೆಲಸ ಕಾವಲು. ಅದು ಕಾರಿನೊಡನೆ ಒಂದು ಸಣ್ಣ ಸಂಕೇತದ ಮೂಲಕ ಮಾತನಾಡುತ್ತದೆ. ‘ಈ ಪ್ಲಗ್ಗಿನಿಂದ ಇಷ್ಟು ಆಂಪಿಯರ್‌ಗಿಂತ ಹೆಚ್ಚು ಎಳೆಯಬೇಡ’ ಎಂದು ಮಿತಿ ಹೇಳುತ್ತದೆ. ಕನೆಕ್ಟರ್ ಸರಿಯಾಗಿ ಕೂತ ಮೇಲಷ್ಟೇ ವಿದ್ಯುತ್ತನ್ನು ಬಿಡುತ್ತದೆ. ಸೋರಿಕೆ ಕಂಡರೆ ಕ್ಷಣಾರ್ಧದಲ್ಲಿ ಕಡಿಯುತ್ತದೆ. ಆದ್ದರಿಂದ ಒಳ್ಳೆಯ ಪೆಟ್ಟಿಗೆ ಕೊಂಡರೆ ಕಾರು ಬೇಗ ತುಂಬುತ್ತದೆ ಎಂಬ ನಿರೀಕ್ಷೆ ಸಲ್ಲದು. ಕಾರಿನೊಳಗಿನ ಚಾರ್ಜರ್ 3.3 ಕಿಲೋವ್ಯಾಟಿನದಾದರೆ, 7.4 ಕಿಲೋವ್ಯಾಟಿನ ಪೆಟ್ಟಿಗೆ ತಂದರೂ ಕಾರು 3.3ಕ್ಕಿಂತ ಹೆಚ್ಚು ಎಳೆಯದು. ಕೊಳ್ಳುವವರು ವೇಗಕ್ಕೆ ದುಡ್ಡು ಕೊಡುತ್ತಿಲ್ಲ, ಕಾವಲಿಗೆ ಕೊಡುತ್ತಿದ್ದಾರೆ ಎಂಬುದನ್ನು ಮೊದಲು ಮನಗಾಣಬೇಕು.

ಶಾಖದ ಲೆಕ್ಕ

‘ಇಸ್ತ್ರಿಪೆಟ್ಟಿಗೆ ನಡೆಯುತ್ತದೆ, ಗೀಸರ್ ನಡೆಯುತ್ತದೆ, ಕಾರೇಕೆ ನಡೆಯದು?’ ಎಂದು ಕೇಳುವವರಿದ್ದಾರೆ. ಗೀಸರ್ ಹೆಚ್ಚೆಂದರೆ ಅರ್ಧ ಗಂಟೆ ನಡೆದು ನಿಲ್ಲುತ್ತದೆ. ಕಾರು ಅಷ್ಟೇ ಅಥವಾ ಅದಕ್ಕಿಂತ ಹೆಚ್ಚಿನ ವಿದ್ಯುತ್ತನ್ನು ಎಂಟು ಗಂಟೆ ಬಿಡುವಿಲ್ಲದೆ, ಅದೂ ಮನೆಮಂದಿಯೆಲ್ಲ ಮಲಗಿರುವ ಹೊತ್ತಿನಲ್ಲಿ ಎಳೆಯುತ್ತದೆ.

ಹೈಸ್ಕೂಲಿನ ಭೌತಶಾಸ್ತ್ರವೇ ಇಲ್ಲಿ ಸಾಕು. ತಂತಿಯಲ್ಲಿ ಅಥವಾ ಕೂಡಿಕೆಯಲ್ಲಿ ಹುಟ್ಟುವ ಶಾಖ ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಸಾಕೆಟ್ಟಿನೊಳಗಿನ ಹಿತ್ತಾಳೆಯ ಹಿಡಿಕೆ ಸಡಿಲವಾಗಿ, ಮಲೆನಾಡಿನ ತೇವಕ್ಕೆ ಕಿಲುಬು ಹಿಡಿದು, ಅಲ್ಲಿನ ರೋಧ ಒಂದು ಓಮ್‌ನ ಹತ್ತನೇ ಒಂದು ಭಾಗವಾಗಿದೆ ಎಂದಿಟ್ಟುಕೊಳ್ಳಬೇಕು. 6 ಆಂಪಿಯರ್ ಹರಿದರೆ ಅಲ್ಲಿ ಹುಟ್ಟುವ ಶಾಖ 3.6 ವ್ಯಾಟ್, ಗಮನಕ್ಕೂ ಬಾರದು. 15 ಆಂಪಿಯರ್ ಹರಿದರೆ 22.5 ವ್ಯಾಟ್. ಬೆರಳಿನ ಗಾತ್ರದ ಜಾಗದಲ್ಲಿ, ಪ್ಲಾಸ್ಟಿಕ್ಕಿನ ನಡುವೆ, ಎಂಟು ಗಂಟೆ ಈ ಶಾಖ ಹುಟ್ಟುತ್ತಲೇ ಇದ್ದರೆ ಸಾಕೆಟ್ ಮೊದಲು ಕಂದುಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಕರಗುತ್ತದೆ. ಬಿಸಿಯಾದಂತೆ ಹಿಡಿಕೆ ಇನ್ನಷ್ಟು ಸಡಿಲವಾಗುತ್ತದೆ. ರೋಧ ಇನ್ನಷ್ಟು ಏರುತ್ತದೆ. ಮರದ ತೊಲೆ, ಮರದ ಅಟ್ಟ, ಅಟ್ಟದಲ್ಲಿ ಒಣಗಿದ ಅಡಿಕೆಯ ಚೀಲಗಳಿರುವ ಮನೆಯಲ್ಲಿ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ.

ತಂತಿಯ ವಿಷಯವೂ ಹೀಗೆಯೇ. ಮನೆಯ ಬೋರ್ಡಿನಿಂದ ಕಾರು ನಿಲ್ಲುವ ಕೊಟ್ಟಿಗೆಗೆ 30 ಮೀಟರ್ ದೂರವಿದ್ದು, 1.5 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆದಿದ್ದರೆ 15 ಆಂಪಿಯರ್‌ಗೆ ಸುಮಾರು 10 ವೋಲ್ಟ್ ದಾರಿಯಲ್ಲೇ ಕುಸಿಯುತ್ತದೆ. ಸುಮಾರು 155 ವ್ಯಾಟ್ ತಂತಿಯನ್ನು ಬಿಸಿಮಾಡಲು ಹೋಗುತ್ತದೆ. 4 ಚದರ ಮಿಲಿಮೀಟರಿನ ತಂತಿ ಹಾಕಿದರೆ ಕುಸಿತ ಸುಮಾರು 4 ವೋಲ್ಟಿಗೂ ನಷ್ಟ ಸುಮಾರು 58 ವ್ಯಾಟಿಗೂ ಇಳಿಯುತ್ತದೆ. ಹಳೆಯ ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ಅಲ್ಯೂಮಿನಿಯಂ ತಂತಿಯ ವೈರಿಂಗು ಇನ್ನೂ ಉಳಿದಿರುವುದುಂಟು. ಅದರ ಕೂಡಿಕೆಗಳು ವರ್ಷಗಳು ಕಳೆದಂತೆ ಸಡಿಲಗೊಳ್ಳುತ್ತವೆ. ಅಂಥ ಸಾಲಿಗೆ ಕಾರನ್ನು ಸಿಕ್ಕಿಸುವ ಯೋಚನೆಯೇ ಸಲ್ಲದು.

ಆದ್ದರಿಂದ ಕಾರಿಗೆ ಮುಖ್ಯ ಬೋರ್ಡಿನಿಂದಲೇ ಪ್ರತ್ಯೇಕ ಸಾಲು, ಐ.ಎಸ್.ಐ. ಮುದ್ರೆಯ 16 ಆಂಪಿಯರ್ ಸಾಕೆಟ್, ಅದಕ್ಕೆ ತನ್ನದೇ ಎಂ.ಸಿ.ಬಿ. ಇರಬೇಕು. ಎಕ್ಸ್‌ಟೆನ್ಷನ್ ಬಾಕ್ಸ್ ಮತ್ತು ಸುರುಳಿ ಸುತ್ತಿದ ವೈರು ಬೇಡವೇ ಬೇಡ. ಸುರುಳಿಯೊಳಗಿನ ಶಾಖಕ್ಕೆ ಹೊರಹೋಗಲು ದಾರಿಯಿಲ್ಲ. ವಿದ್ಯುತ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ಬರೆದಿರುತ್ತದೆ. ಒಂದೋ ಎರಡೋ ಕಿಲೋವ್ಯಾಟಿನ ಸಂಪರ್ಕಕ್ಕೆ 3.3 ಕಿಲೋವ್ಯಾಟಿನ ಕಾರನ್ನು ಹೇರುವ ಮೊದಲು ಲೋಡ್ ಹೆಚ್ಚಿಸಿಕೊಳ್ಳಲು ಅರ್ಜಿ ಹಾಕುವುದು ನೆರೆಯವರಿಗೂ ಟ್ರಾನ್ಸ್‌ಫಾರ್ಮರಿಗೂ ಮಾಡುವ ಉಪಕಾರ.

ನಿಧಾನವೇ ಜಾಣತನ

ಶಾಖದ ಲೆಕ್ಕದೊಳಗೇ ಪರಿಹಾರವೂ ಇದೆ. ಪ್ರವಾಹವನ್ನು 15 ಆಂಪಿಯರ್‌ನಿಂದ 10ಕ್ಕೆ ಇಳಿಸಿದರೆ ಶಾಖ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಹಾಗೆ ಇಳಿಸಿದರೆ ಕಾರು ತುಂಬೀತೇ? 2022ರಲ್ಲಿ ಬಂದ ಟಾಟಾ ಟಿಯಾಗೊ ಇ.ವಿ.ಯ ದೊಡ್ಡ ಬ್ಯಾಟರಿ 24 ಯೂನಿಟ್ ಹಿಡಿಯುತ್ತದೆ. ಪೂರ್ತಿ ಬರಿದಾದ ಬ್ಯಾಟರಿಯನ್ನು 10 ಆಂಪಿಯರ್‌ನಲ್ಲಿ ತುಂಬಿಸಲು ಸುಮಾರು 12 ಗಂಟೆ ಬೇಕು. ಆದರೆ ನಿತ್ಯವೂ ಬ್ಯಾಟರಿ ಬರಿದಾಗುವುದಿಲ್ಲ. ಹಳ್ಳಿಯಿಂದ ತಾಲೂಕು ಕೇಂದ್ರಕ್ಕೆ ಹೋಗಿಬರಲು 40 ಕಿಲೋಮೀಟರ್ ಎಂದಿಟ್ಟುಕೊಂಡರೆ, ಘಟ್ಟದ ಏರಿಳಿತ ಸೇರಿ ಸುಮಾರು ಆರು ಯೂನಿಟ್ ಸಾಕು. ಅದನ್ನು 10 ಆಂಪಿಯರ್‌ನಲ್ಲಿ ಮೂರು ಗಂಟೆಯಲ್ಲಿ ತುಂಬಿಸಬಹುದು. ರಾತ್ರಿ ಊಟದ ಹೊತ್ತಿಗೆ ಸಿಕ್ಕಿಸಿದರೆ ಮಲಗುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಜಾಹೀರಾತುಗಳು ವೇಗವನ್ನು ಮಾರುತ್ತವೆ. ಸಾಲಿನ ಕೊನೆಯ ಮನೆಗೆ ಬೇಕಾದುದು ನಿಧಾನ. 6, 8, 10, 13, 16 ಎಂದು ಆಂಪಿಯರ್ ಇಳಿಸಿ ಏರಿಸುವ ಸೌಲಭ್ಯವಿರುವ ಪೆಟ್ಟಿಗೆ ಇಲ್ಲಿ ಹೆಚ್ಚು ಉಪಯುಕ್ತ.

ಮಣ್ಣಿನೊಳಗಿನ ಗುಟ್ಟು

ಕೆಂಪು ದೀಪ ಹತ್ತಲು ಮಲೆನಾಡಿನಲ್ಲಿ ದೊಡ್ಡ ಕಾರಣವೊಂದಿದೆ: ಭೂಸಂಪರ್ಕ, ಅಂದರೆ ಅರ್ತಿಂಗ್, ಇಲ್ಲದಿರುವುದು ಅಥವಾ ಹೆಸರಿಗಷ್ಟೇ ಇರುವುದು. ಹಿಂದೆ ಎಷ್ಟೋ ಮನೆಗಳಲ್ಲಿ ಅರ್ತ್ ತಂತಿಯನ್ನು ಕಬ್ಬಿಣದ ನೀರಿನ ಪೈಪಿಗೆ ಸುತ್ತಿ ಬಿಡುತ್ತಿದ್ದರು. ಆಮೇಲೆ ಅಬ್ಬಿ ನೀರಿಗೆ ಕಪ್ಪು ಪೈಪು ಬಂತು, ಬಚ್ಚಲಿಗೆ ಪಿ.ವಿ.ಸಿ. ಬಂತು. ಕಬ್ಬಿಣ ಹೋದ ದಿನವೇ ಆ ಮನೆಯ ಅರ್ತಿಂಗೂ ಹೋಯಿತು. ಯಾರ ಗಮನಕ್ಕೂ ಬರಲಿಲ್ಲ. ಇದ್ದಲು, ಉಪ್ಪು ತುಂಬಿ ಹೂತ ಪೈಪು ವರ್ಷಗಳ ಮೇಲೆ ತುಕ್ಕು ತಿಂದು ತುಂಡಾಗಿರುತ್ತದೆ. ಜಂಬಿಟ್ಟಿಗೆಯ ನೆಲ ಮಳೆಗಾಲದಲ್ಲಿ ತೇವವಿರುವುದರಿಂದ ವಿದ್ಯುತ್ತಿಗೆ ದಾರಿ ಕೊಡುತ್ತದೆ, ಮಾರ್ಚ್‌ನಿಂದ ಮೇವರೆಗೆ ಒಣಗಿ ದಾರಿ ಮುಚ್ಚುತ್ತದೆ. ಜುಲೈನಲ್ಲಿ ಒಪ್ಪಿದ ಪೆಟ್ಟಿಗೆ ಏಪ್ರಿಲ್‌ನಲ್ಲಿ ‘ಇಲ್ಲ’ ಎಂದರೆ ಅದು ಕೆಟ್ಟಿತೆಂದಲ್ಲ, ನೆಲ ಒಣಗಿತು ಎಂದು.

ಅರ್ತಿಂಗ್ ಕೆಟ್ಟರೆ ಏನಾಗುತ್ತದೆಂಬುದನ್ನು ವಿದ್ಯಾರ್ಥಿಗಳು ಓಮ್‌ನ ನಿಯಮದಿಂದಲೇ ಕಂಡುಕೊಳ್ಳಬಹುದು. ಅರ್ತಿಂಗಿನ ರೋಧ 100 ಓಮ್ ಇದೆ, ಒಳಗೆ ಎಲ್ಲೋ ತಂತಿ ಸವೆದು ಫೇಸು ಕಾರಿನ ಲೋಹದ ಮೈಗೆ ತಾಗಿದೆ ಎನ್ನೋಣ. ಮಣ್ಣಿಗೆ ಹರಿಯುವುದು 230 ಭಾಗಿಸು 100, ಅಂದರೆ 2.3 ಆಂಪಿಯರ್ ಮಾತ್ರ. ಇಷ್ಟಕ್ಕೆ 16 ಆಂಪಿಯರ್‌ನ ಫ್ಯೂಸು ಕರಗದು, ಎಂ.ಸಿ.ಬಿ.ಯೂ ಬೀಳದು. ಕಾರಿನ ಮೈ ವಿದ್ಯುತ್ ತುಂಬಿಕೊಂಡೇ ಇರುತ್ತದೆ. ಬೆಳಿಗ್ಗೆ ಒದ್ದೆ ಅಂಗಳದಲ್ಲಿ ಬರಿಗಾಲಲ್ಲಿ ನಿಂತು ಬಾಗಿಲಿಗೆ ಕೈಯಿಡುವ ಮಗುವಿಗೋ, ಅಂಗಳ ಗುಡಿಸಲು ಬಂದ ಹೆಂಗಸಿಗೋ ಅದು ತಗಲುತ್ತದೆ. ಎಂ.ಸಿ.ಬಿ. ಇರುವುದು ತಂತಿಯನ್ನು ಕಾಯಲು. ಮನುಷ್ಯರನ್ನು ಕಾಯುವುದು ಆರ್.ಸಿ.ಸಿ.ಬಿ. ಎಂಬ ಬೇರೆಯೇ ಸಾಧನ. ಹೋದ ವಿದ್ಯುತ್ತೂ ಮರಳಿದ ವಿದ್ಯುತ್ತೂ ಸಮವಾಗಿವೆಯೇ ಎಂದು ಅದು ತೂಗಿ ನೋಡುತ್ತದೆ. 30 ಮಿಲಿ ಆಂಪಿಯರ್‌ನಷ್ಟು ವ್ಯತ್ಯಾಸ ಕಂಡರೂ ಕಡಿದುಬಿಡುತ್ತದೆ.

‘ಬಲ್ಬು ಹಾಕಿ ನೋಡಿದ್ದೇವೆ, ಅರ್ತಿಂಗ್ ಚೆನ್ನಾಗಿದೆ’ ಎಂಬ ಮಾತನ್ನು ನಂಬಲಾಗದು. 100 ವ್ಯಾಟಿನ ಬಲ್ಬು ಉರಿಯುವಾಗ ಅದರ ರೋಧ ಸುಮಾರು 530 ಓಮ್. ಫೇಸಿಗೂ 100 ಓಮ್‌ನ ಕೆಟ್ಟ ಅರ್ತಿಂಗಿಗೂ ನಡುವೆ ಅದನ್ನು ಸೇರಿಸಿದರೆ 190 ವೋಲ್ಟಿಗೂ ಹೆಚ್ಚು ಬಲ್ಬಿಗೇ ಸಿಗುತ್ತದೆ. ಬಲ್ಬು ಉರಿಯುತ್ತದೆ, ನೋಡಿದವರು ನೆಮ್ಮದಿಯಿಂದ ಮನೆಗೆ ಹೋಗುತ್ತಾರೆ. ಮೇಲಾಗಿ ಈ ಪರೀಕ್ಷೆ ಮಾಡುವವರ ಜೀವಕ್ಕೇ ಅಪಾಯ. ಅರ್ತಿಂಗಿನ ಗುಣವನ್ನು ಹೇಳಬಲ್ಲದ್ದು ಅದನ್ನು ಓಮ್‌ನಲ್ಲಿ ಅಳೆಯುವ ಅರ್ತ್ ಟೆಸ್ಟರ್ ಮಾತ್ರ.

ಕಳ್ಳದಾರಿ

ಇನ್ನು ಆ ‘ಉಪಾಯ’ದ ಮಾತು. ಅರ್ತಿಂಗ್ ಇಲ್ಲವೆಂದು ಪೆಟ್ಟಿಗೆ ಹಟ ಹಿಡಿದಾಗ ಪ್ಲಗ್ಗಿನೊಳಗೆ ನ್ಯೂಟ್ರಲನ್ನೂ ಅರ್ತ್ ಪಿನ್ನನ್ನೂ ಒಂದು ತುಂಡು ತಂತಿಯಿಂದ ಕೂಡಿಸಿಬಿಡುವುದೇ ಆ ಉಪಾಯ. ಪೆಟ್ಟಿಗೆ ಮೋಸಹೋಗುತ್ತದೆ, ಹಸಿರು ದೀಪ ಹತ್ತುತ್ತದೆ, ಕಾರು ತುಂಬುತ್ತದೆ. ಕತ್ತಿಯ ಮೇಲಿನ ಕೆಂಪನ್ನು ಒರೆಸಿ ಔಷಧ ಹೊಡೆಸಿದಂತೆ.

ಮಳೆಗಾಲದಲ್ಲಿ ಕೊಂಬೆ ಬಿದ್ದು ಕಂಬದಿಂದ ಮನೆಗೆ ಬರುವ ನ್ಯೂಟ್ರಲ್ ತಂತಿ ಕಡಿದರೆ, ಮನೆಯೊಳಗಿನ ನ್ಯೂಟ್ರಲ್ ತಂತಿಗೆ ಉಪಕರಣಗಳ ಮೂಲಕ ಫೇಸು ಏರುತ್ತದೆ. ಆ ತುಂಡು ತಂತಿ ಅದನ್ನು ನೇರವಾಗಿ ಕಾರಿನ ಮೈಗೆ ತಲುಪಿಸುತ್ತದೆ. ರಿಪೇರಿಯ ವೇಳೆ ಕಂಬದಲ್ಲಿ ಫೇಸು, ನ್ಯೂಟ್ರಲ್ ಅದಲುಬದಲಾದರೂ ಇದೇ ಗತಿ. ಅರ್ತ್ ಪಿನ್ನನ್ನು ಕಿತ್ತುಹಾಕುವುದು, ಅರ್ತಿಂಗ್ ಪರೀಕ್ಷೆಯನ್ನೇ ಮಾಡದ ಪೆಟ್ಟಿಗೆಯನ್ನು ಹುಡುಕಿ ಕೊಳ್ಳುವುದು, ‘ಅರ್ತ್ ಇಲ್ಲದೆಯೂ ನಡೆಯುತ್ತದೆ’ ಎಂಬ ಹೊಗಳಿಕೆಯ ಸರಕನ್ನು ತರುವುದು, ಎಲ್ಲವೂ ಇದೇ ಕಳ್ಳದಾರಿಯ ಕವಲುಗಳು. ಅರ್ತ್ ಇಲ್ಲದೆಯೂ ನಡೆಯುತ್ತದೆಂಬುದು ಚಾರ್ಜರಿನ ಗುಣವಲ್ಲ, ದೋಷ.

ಪಂಪ್‌ಸೆಟ್ಟಿನ ಮನೆಯಿಂದ ವೈರು ಎಳೆಯುವ ಯೋಚನೆಯೂ ಬೇಡ. ಅಲ್ಲಿ ಎರಡು ಫೇಸುಗಳ ನಡುವೆ 415 ವೋಲ್ಟ್ ಇರುತ್ತದೆ. ತಂತಿಯ ಗುರುತು ತಪ್ಪಿದರೆ 230 ವೋಲ್ಟಿನ ಪೆಟ್ಟಿಗೆ ಸುಟ್ಟುಹೋಗುತ್ತದೆ. ನೀರಾವರಿಗೆಂದು ಕೊಟ್ಟ ವಿದ್ಯುತ್ತನ್ನು ಕಾರಿಗೆ ಬಳಸುವುದು ನಿಯಮಕ್ಕೂ ವಿರುದ್ಧ. ಮನೆಯ ಸಾಮಾನ್ಯ ಇನ್ವರ್ಟರ್ ಕೂಡ ಈ ಹೊರೆಗೆ ತಕ್ಕುದಲ್ಲ.

ಕೊಳ್ಳುವಾಗ ಏನು ನೋಡಬೇಕು?

ಕಾರಿನೊಡನೆ ಕಂಪನಿಯೇ ಕೊಟ್ಟ ಕೇಬಲ್ ಇದ್ದರೆ ಅದೇ ಮೊದಲ ಆಯ್ಕೆ. ಅದಿಲ್ಲವಾದರೆ, ಇನ್ನೊಂದು ಬೇಕಾದರೆ, ಈ ಕೆಳಗಿನವನ್ನು ಅಂಗಡಿಯಲ್ಲಿಯೇ ಕೇಳಿ ತಿಳಿಯಬೇಕು.

ಒಂದು, ಪ್ರಮಾಣಪತ್ರ. ಇಂಥ ಕೇಬಲ್ ಪೆಟ್ಟಿಗೆಗಳಿಗೆಂದೇ ಐ.ಇ.ಸಿ. 62752 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ವಿದ್ಯುತ್ ವಾಹನ ಚಾರ್ಜಿಂಗಿಗೆ ಭಾರತೀಯ ಮಾನಕ ಐ.ಎಸ್. 17017ರ ಸರಣಿಯಿದೆ. ತಯಾರಕರ ಹೆಸರು, ಕ್ರಮಸಂಖ್ಯೆ, ಮಾನಕದ ಸಂಖ್ಯೆ ಪೆಟ್ಟಿಗೆಯ ಮೇಲೆಯೇ ಅಚ್ಚಾಗಿರಬೇಕು. ಹೆಸರಿಲ್ಲದ, ರಸೀದಿಯಿಲ್ಲದ ಅಗ್ಗದ ಸರಕು ಬೇಡ.

ಎರಡು, ಸೋರಿಕೆಯ ಕಾವಲು. ಪರ್ಯಾಯ ವಿದ್ಯುತ್ತಿನ 30 ಮಿಲಿ ಆಂಪಿಯರ್ ಸೋರಿಕೆಗೂ ನೇರ ವಿದ್ಯುತ್ತಿನ 6 ಮಿಲಿ ಆಂಪಿಯರ್ ಸೋರಿಕೆಗೂ ಅದು ಕಡಿಯಬೇಕು. ಎರಡನೆಯದು ಏಕೆಂದರೆ, ಕಾರಿನೊಳಗೆ ನೇರ ವಿದ್ಯುತ್ತಿರುವುದರಿಂದ ಅದು ಸೋರುವ ಸಂಭವವಿದೆ. ಆ ಸೋರಿಕೆ ಮನೆಯ ಸಾಧಾರಣ ಆರ್.ಸಿ.ಸಿ.ಬಿ.ಯನ್ನು ಕುರುಡಾಗಿಸಬಲ್ಲದು.

ಮೂರು, ಭೂಸಂಪರ್ಕದ ಪರೀಕ್ಷೆ. ಅರ್ತಿಂಗ್ ಇಲ್ಲದಿದ್ದರೆ ಚಾರ್ಜ್ ಆರಂಭಿಸಲೇಬಾರದು, ನಡುವೆ ಕಡಿದುಹೋದರೆ ನಿಲ್ಲಿಸಬೇಕು.

ನಾಲ್ಕು, ಶಾಖದ ಅರಿವು. ಪೆಟ್ಟಿಗೆಯೊಳಗಷ್ಟೇ ಅಲ್ಲ, ಪ್ಲಗ್ಗಿನೊಳಗೂ ಶಾಖಸಂವೇದಕ ಇರುವ ಕೇಬಲ್ ಉತ್ತಮ. ಗೋಡೆಯ ಸಾಕೆಟ್ ಕಾದಾಗ ಮೊದಲು ತಿಳಿಯುವುದು ಪ್ಲಗ್ಗಿಗೆ.

ಐದು, ವೋಲ್ಟೇಜಿನ ಏರಿಳಿತ. ವೋಲ್ಟೇಜ್ ಮಿತಿಮೀರಿ ಏರಿದರೆ, ಇಳಿದರೆ ನಿಲ್ಲಬೇಕು. ಸರಿಯಾದ ಮೇಲೆ ತಾನಾಗಿ ಮುಂದುವರಿಯಬೇಕು. ದಿನಕ್ಕೆ ಹತ್ತು ಸಲ ವಿದ್ಯುತ್ ಹೋಗಿಬರುವ ಊರಿಗೆ ಇದು ಅಗತ್ಯ.

ಆರು, ಪ್ಲಗ್. ಭಾರತದ 16 ಆಂಪಿಯರ್‌ನ ಮೂರು ಪಿನ್ನಿನ ಪ್ಲಗ್ ಕೇಬಲ್ಲಿನೊಡನೆ ಒಂದಾಗಿ ಎರಕವಾಗಿರಬೇಕು. ಬೇರೆ ದೇಶದ ಪ್ಲಗ್ಗಿಗೆ ಅಡಾಪ್ಟರ್ ಸಿಕ್ಕಿಸಿ ಬಳಸುವುದೆಂದರೆ ಸಡಿಲ ಕೂಡಿಕೆಯೊಂದನ್ನು ದುಡ್ಡು ಕೊಟ್ಟು ತಂದಂತೆ. 32 ಆಂಪಿಯರ್‌ನ ಪೆಟ್ಟಿಗೆಯನ್ನು ಮನೆಯ ಸಾಕೆಟ್ಟಿಗೆ ಹೊಂದಿಸುವ ಅಡಾಪ್ಟರ್ ಇನ್ನೂ ಅಪಾಯಕಾರಿ. ಅಷ್ಟು ಪ್ರವಾಹಕ್ಕೆ ಬೇರೆಯೇ ಬಗೆಯ ಕೈಗಾರಿಕಾ ಸಾಕೆಟ್ಟೂ ದಪ್ಪ ತಂತಿಯೂ ಬೇಕು.

ಏಳು, ನೀರಿನ ತಡೆ. ಐ.ಪಿ. ಎಂಬ ಅಕ್ಷರಗಳ ಮುಂದಿನ ಮೊದಲ ಅಂಕಿ ದೂಳಿಗೆ, ಎರಡನೆಯದು ನೀರಿಗೆ ಸಂಬಂಧಿಸಿದ್ದು. ಐ.ಪಿ. 65 ಎಂದರೆ ದೂಳು ಒಳಹೋಗದು, ನೀರು ಚಿಮ್ಮಿದರೂ ತಡೆಯುತ್ತದೆ. ಆದರೆ ಈ ಅಂಕಿ ಪೆಟ್ಟಿಗೆಯದು, ಗೋಡೆಯ ಸಾಕೆಟ್ಟಿನದಲ್ಲ ಎಂಬುದನ್ನು ಮರೆಯಬಾರದು.

ಮಳೆ, ಸಿಡಿಲು, ಇಲಿ

ವರ್ಷಕ್ಕೆ ಸುಮಾರು ಏಳು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಆಗುಂಬೆಯಂಥ ಸೀಮೆಯಲ್ಲಿ ಅಂಗಳದಲ್ಲಿ ಕಾರು ಚಾರ್ಜ್ ಮಾಡುವವರು ಸಾಕೆಟ್ಟನ್ನು ಜಗಲಿಯ ಒಳಗೋಡೆಯಲ್ಲಿ, ಇರಚಲು ಹೊಡೆಯದ ಎತ್ತರದಲ್ಲಿ ಇರಿಸಬೇಕು. ಪೆಟ್ಟಿಗೆಯ ಭಾರ ಪ್ಲಗ್ಗಿನ ಮೇಲೆ ಜೋತಾಡದಂತೆ ಗೋಡೆಗೊಂದು ಮೊಳೆ ಹೊಡೆದು ತೂಗುಹಾಕಬೇಕು. ನೀರು ನಿಲ್ಲುವ ನೆಲದ ಮೇಲೆ ಬಿಡಬಾರದು. ಬಳಕೆಯಿಲ್ಲದ ಸಾಕೆಟ್ಟಿನ ತೂತಿನೊಳಗೆ ಕಣಜ ಮಣ್ಣಿನ ಗೂಡು ಕಟ್ಟುತ್ತದೆ. ಇಲಿಗಳು ಕೇಬಲ್ಲನ್ನು ಕಡಿಯುತ್ತವೆ. ಸಿಕ್ಕಿಸುವ ಮುನ್ನ ಒಮ್ಮೆ ಕಣ್ಣಾಡಿಸುವುದು ಅಭ್ಯಾಸವಾಗಬೇಕು. ಏಪ್ರಿಲ್, ಮೇ ಮತ್ತು ಅಕ್ಟೋಬರ್ ಸಂಜೆಗಳಲ್ಲಿ ಗುಡುಗಿನ ಮೋಡ ಕಟ್ಟುವುದು ಕಂಡಾಗಲೇ ಪ್ಲಗ್ ಕಿತ್ತಿಡಬೇಕು. ಸಿಡಿಲು ಹತ್ತಿರ ಬಂದ ಮೇಲೆ ಅದನ್ನು ಮುಟ್ಟಲು ಹೋಗಬಾರದು. ಸಿಡಿಲಿನ ಹೊಡೆತ ತಡೆಯುವ ಸರ್ಜ್ ರಕ್ಷಕವನ್ನು ಮುಖ್ಯ ಬೋರ್ಡಿಗೆ ಹಾಕಿಸಬಹುದು. ಆದರೆ ಅದು ಕೆಲಸ ಮಾಡಬೇಕಾದರೂ ಬೇಕಾದುದು ಅದೇ ಅರ್ತಿಂಗ್.

ಹೊಸ ಸಾಕೆಟ್ಟಿಗೆ ಮೊದಲ ಸಲ ಸಿಕ್ಕಿಸಿದಾಗ ಅರ್ಧ ಗಂಟೆಯ ಮೇಲೊಮ್ಮೆ, ಒಂದು ಗಂಟೆಯ ಮೇಲೊಮ್ಮೆ ಪ್ಲಗ್ಗಿನ ಪ್ಲಾಸ್ಟಿಕ್ ಮೈಯನ್ನು ಒಣಗಿದ ಕೈಯ ಹಿಂಬದಿಯಿಂದ ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ಸರಿ. ಕೈ ಇಡಲಾರದಷ್ಟು ಬಿಸಿಯಿದ್ದರೆ ಮೊದಲು ಕಾರಿನಲ್ಲಿ ಚಾರ್ಜಿಂಗ್ ನಿಲ್ಲಿಸಿ, ಸ್ವಿಚ್ ಆರಿಸಿ, ಆಮೇಲೆ ಪ್ಲಗ್ ತೆಗೆದು ಸಾಕೆಟ್ ಬದಲಿಸಬೇಕು. ಆರ್.ಸಿ.ಸಿ.ಬಿ.ಯ ಮೇಲಿನ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಬೇಕು. ಇದೇ ಈ ಕಾಲದ ಕತ್ತಿಯ ಪರೀಕ್ಷೆ.

ಊರು ಮಾಡಬೇಕಾದ ಕೆಲಸ

ವಿದ್ಯುತ್ ಕಾರು ಪರಿಸರಕ್ಕೆ ಒಳ್ಳೆಯದೇ ಎಂಬ ಬಗ್ಗೆ ಚಳವಳಿಯೊಳಗೇ ಭಿನ್ನಾಭಿಪ್ರಾಯವಿದೆ, ಇರಬೇಕಾದುದೇ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿಗೆ ಊರು, ತೋಟ ಬಿಟ್ಟುಕೊಟ್ಟವರ ನೆನಪು ಶರಾವತಿ ಕಣಿವೆಯಲ್ಲಿ ಇನ್ನೂ ಹಸಿಯಾಗಿದೆ. ಒಂದೊಂದು ಯೂನಿಟ್ಟಿಗೂ ಬೆಟ್ಟ ಬೆಲೆ ತೆತ್ತಿದೆ. ಆ ಕಾರಣಕ್ಕಾಗಿಯೇ ಅದನ್ನು ತೆಳ್ಳನೆಯ ತಂತಿಯೊಳಗೆ ಬಿಸಿಯಾಗಿ ಕಳೆಯುವುದು ತಪ್ಪು. ಕಾರು ಕೊಳ್ಳಬೇಕೇ ಬೇಡವೇ ಎಂಬುದು ಆಯಾ ಮನೆಯ ತೀರ್ಮಾನ. ಕೊಂಡ ಮೇಲೆ ಅದರಿಂದ ಒಂದು ಜೀವಕ್ಕೂ ಅಪಾಯವಾಗಬಾರದೆಂಬುದು ಊರಿನ ತೀರ್ಮಾನವಾಗಬೇಕು.

ವಿದ್ಯುತ್ತಿನ ಸಾವು ಮಲೆನಾಡಿಗೆ ಅಪರಿಚಿತವಲ್ಲ. ಅಲ್ಯೂಮಿನಿಯಂ ದೋಟಿ ತಂತಿಗೆ ತಾಗಿ ಅಡಿಕೆ ಕೊಯ್ಲಿನವರು ಸತ್ತ ಸುದ್ದಿಯನ್ನು ಇಲ್ಲಿನವರು ಮತ್ತೆ ಮತ್ತೆ ಓದಿದ್ದಾರೆ. ಅಂಥ ಸಾವು ಸಾಮಾನ್ಯವಾಗಿ ದುಡಿಯುವವರ ಪಾಲಿಗೇ ಬರುತ್ತದೆ, ಮಾಲೀಕರ ಪಾಲಿಗಲ್ಲ. ಕಾರು ಮಾಲೀಕರದು, ಒದ್ದೆ ನೆಲದಲ್ಲಿ ಅದನ್ನು ತೊಳೆಯುವವರು ಬೇರೆಯವರು. ಆದ್ದರಿಂದ ಭೂಸಂಪರ್ಕದ ಪ್ರಶ್ನೆ ತಂತ್ರಜ್ಞಾನದ್ದು ಮಾತ್ರವಲ್ಲ, ನ್ಯಾಯದ್ದೂ ಹೌದು. ಒಳ್ಳೆಯ ಅರ್ತಿಂಗ್ ಕಾರಿಗಷ್ಟೇ ಅಲ್ಲದೆ ಮಿಕ್ಸಿ, ಫ್ರಿಜ್, ವಾಷಿಂಗ್ ಮೆಷಿನ್ ಎಲ್ಲಕ್ಕೂ ರಕ್ಷೆ. ಕಾರೇ ಇಲ್ಲದ ಮನೆಗೂ ಅದು ಬೇಕು.

ಇದಕ್ಕೆ ಸರ್ಕಾರದ ಯೋಜನೆ ಬರಲೆಂದು ಕಾಯಬೇಕಾಗಿಲ್ಲ. ಅಡಿಕೆಗೆ ಮೈಲುತುತ್ತ ಒದಗಿಸುವ ಸಹಕಾರಿ ಸಂಘಗಳು ಒಂದು ಅರ್ತ್ ಟೆಸ್ಟರನ್ನು ಕೊಂಡಿಟ್ಟು, ಔಷಧ ಸಿಂಪಡಿಸುವ ಯಂತ್ರವನ್ನು ಬಾಡಿಗೆಗೆ ಕೊಡುವಂತೆಯೇ ಕೊಡಬಹುದು. ಸುತ್ತಲಿನ ಐ.ಟಿ.ಐ. ವಿದ್ಯಾರ್ಥಿಗಳು ತಮ್ಮ ಶಿಕ್ಷಕರೊಡನೆ ವರ್ಷಕ್ಕೊಮ್ಮೆ, ನೆಲ ಪೂರ್ತಿ ಒಣಗಿರುವ ಏಪ್ರಿಲ್ ತಿಂಗಳಲ್ಲಿ, ಮನೆಮನೆಯ ಅರ್ತಿಂಗನ್ನು ಅಳೆದು ಒಂದು ಪುಸ್ತಕದಲ್ಲಿ ಬರೆದಿಡಬಹುದು. ಬೇಸಿಗೆಯಲ್ಲಿ ಅಳೆದಾಗ ಪಾಸಾದ ಅರ್ತಿಂಗ್ ಮಳೆಗಾಲದಲ್ಲಿ ಕೈಕೊಡುವ ಸಂಭವ ಕಡಿಮೆ. ಐ.ಎಸ್. 3043 ಎಂಬ ಭಾರತೀಯ ಮಾನಕ ಅರ್ತಿಂಗ್ ಮಾಡುವ ಕ್ರಮವನ್ನು ವಿವರವಾಗಿ ಹೇಳುತ್ತದೆ. ಎರಡೂವರೆ ಮೀಟರ್ ಆಳಕ್ಕೆ ಪೈಪು ಇಳಿಸುವ ಕೆಲಸ ಊರಿನ ಕೈಯಳತೆಯಲ್ಲೇ ಇದೆ. ಗ್ರಾಮಸಭೆಯಲ್ಲಿ ಒಬ್ಬರು ಎದ್ದುನಿಂತು ಶಾಲೆ, ಅಂಗನವಾಡಿ, ಪಂಚಾಯಿತಿ ಕಟ್ಟಡಗಳ ಅರ್ತಿಂಗ್ ಅಳೆದಿದ್ದಾರೆಯೇ ಎಂದು ಕೇಳಿದರೆ ಅದೇ ಒಳ್ಳೆಯ ಆರಂಭ.

ಕಾರಿಗೆ ಲಕ್ಷಗಟ್ಟಲೆ ಹಣ ತೆತ್ತವರು ನೆಲದೊಳಗಿನ ಒಂದು ಪೈಪಿಗೂ ಮುಖ್ಯ ಬೋರ್ಡಿನ ಒಂದು ಆರ್.ಸಿ.ಸಿ.ಬಿ.ಗೂ ಲೋಭ ಮಾಡುವುದು ಸರಿಯಲ್ಲ. ಸುಣ್ಣ ಸಾಲದಾದಾಗ ಸುಣ್ಣ ಬೆರೆಸುವುದು ಮಲೆನಾಡಿನ ಕೃಷಿಕರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪೆಟ್ಟಿಗೆಯ ಮೇಲೆ ಕೆಂಪು ದೀಪ ಹತ್ತಿದ ದಿನ ಕೈಗೆತ್ತಿಕೊಳ್ಳಬೇಕಾದುದು ತುಂಡು ತಂತಿಯನ್ನಲ್ಲ, ಗುದ್ದಲಿಯನ್ನು.